ಪುದೀನ ಸೋಪಿನ ಅಜ್ಜಿ

ಸೋಪು ಕಂಪನಿಯ ಮೂರನೇ ಮಹಡಿಯಲ್ಲಿ ಆ ದಿನ ಎಲ್ಲರಿಗೂ ಬಾಲ್ಯ ನೆನಪಾಗಬೇಕಿತ್ತು, ಅದೂ ಹನ್ನೊಂದು ಗಂಟೆಯೊಳಗೆ. ಮ್ಯಾನೇಜರ್ ಮೇಜಿನ ಮೇಲೆ ಹೊಸ ಪುದೀನ ಸೋಪುಗಳನ್ನು ಜೋಡಿಸಿ, ಪಕ್ಕದಲ್ಲಿ ಪುದೀನ ಗಿಡದ ಕುಂಡವನ್ನೂ ಇಡಿಸಿದ್ದರು.

"ಜಾಹೀರಾತಿಗೆ ಒಂದು ನೆನಪು ಬೇಕು. ಒಬ್ಬೊಬ್ಬರಾಗಿ ಮೂಸಿ, ನೆನಪಾಗಿದ್ದನ್ನ ಹೇಳಿ. ಕಣ್ಣಲ್ಲಿ ನೀರು ಬಂದರೆ ಇನ್ನೂ ಒಳ್ಳೇದು."

ಮಾರಾಟ ವಿಭಾಗದವನಿಗೆ ಅಜ್ಜಿ ನೆನಪಾದಳು. ಪ್ಯಾಕಿಂಗ್ ವಿಭಾಗದವಳಿಗೂ ಅಜ್ಜಿಯೇ. ತಾವು ಹುಟ್ಟುವ ಮೊದಲೇ ಇಬ್ಬರು ಅಜ್ಜಿಯರೂ ತೀರಿಹೋಗಿದ್ದ ಉಗ್ರಾಣದ ಮೇಲ್ವಿಚಾರಕರಿಗೂ ಅಜ್ಜಿಯೇ ನೆನಪಾದಳು.

ಕೊನೆಗೆ ಜಾಹೀರಾತು ಬರೆಯುವವನ ಸರದಿ. ಇಪ್ಪತ್ತು ವರ್ಷ ಸೋಪಿನ ಬಗ್ಗೆ ಬರೆದವನಿಗೆ ಮೂಗು ಸತ್ತೇಹೋಗಿತ್ತು. ಕಾಟಾಚಾರಕ್ಕೆ ಕುಂಡದಿಂದ ಒಂದು ಎಲೆ ಕಿತ್ತು ಹೊಸಕಿದ. ಅಷ್ಟೇ, ವಾಸನೆ ಮೂಗಿಗೆ ಬಡಿಯಿತು. ಬಚ್ಚಲ ಹಿಂದಿನ ಪುದೀನ ಪೊದೆ. ಅದರೊಳಗೆ ಮುದುರಿ ಕೂತ ಏಳು ವರ್ಷದ ತಾನು. ಉಸಿರು ಕೇಳಿಸಬಾರದೆಂದು ಬಾಯಿತುಂಬ ಎಲೆ.

"ನಮ್ಮಜ್ಜಿ ಹಿತ್ತಲಲ್ಲಿ ಪುದೀನ ಇತ್ತು," ಎಂದು ಶುರುಮಾಡಿದ. "ಒಂದಿನ ನಾನು ಅಜ್ಜಿ ಕನ್ನಡಕ…"

"ಸಾಕು, ಸಾಕು. ಅಜ್ಜಿ, ಹಿತ್ತಲು, ಕನ್ನಡಕ. ಇನ್ನೇನು ಬೇಕು?" ಎಂದರು ಮ್ಯಾನೇಜರ್.

"ಪೂರ್ತಿ ಹೇಳಿಲ್ಲ ಸರ್. ಅದನ್ನ ನಾನು ತುಳಿದು ಒಡೆದಿದ್ದು. ಏಟು ತಿಂದಿದ್ದು ಮಾತ್ರ ನಮ್ಮಕ್ಕ."

"ಅಕ್ಕ ಬೇಡಪ್ಪ. ಏಟೂ ಬೇಡ. ಜನ ಸ್ನಾನ ಮಾಡೋಕೆ ಹೋಗ್ತಾರೆ, ಪಶ್ಚಾತ್ತಾಪ ಪಡೋಕಲ್ಲ."

ಅವನು ಹಾಗೇ ಬರೆದುಕೊಟ್ಟ. ಹದಿನೈದು ದಿನದಲ್ಲಿ ಟಿವಿಯಲ್ಲಿ ಒಬ್ಬ ಬೆಳ್ಳಿಗೂದಲ ಅಜ್ಜಿ ಮೊಮ್ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡು ಪುದೀನ ಮೂಸಿಸತೊಡಗಿದಳು. ಕೆಳಗೆ "ಒಂದು ನಿಜವಾದ ನೆನಪು" ಎಂಬ ಸಾಲು. ನೆಂಟರಿಷ್ಟರೆಲ್ಲ ಫೋನ್ ಮಾಡಿ ಹೊಗಳಿದರು. ಅಕ್ಕ ಮಾತ್ರ ಮಾಡಲಿಲ್ಲ.

ಆ ಮೌನ ತಡೆಯಲಾರದೆ ಅವನು ಭಾನುವಾರ ತಾನೇ ಅವಳ ಮನೆಗೆ ಹೋದ. ಅಕ್ಕ ದರ್ಜಿ. ಮುಂದಿನ ಕೋಣೆಯೇ ಅವಳ ಅಂಗಡಿ. ಅವನು ಒಳಗೆ ಬಂದರೂ ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ನೋಡಿದೆ ನಿನ್ನ ಅಜ್ಜೀನ. ನಮ್ಮಜ್ಜಿ ಯಾರನ್ನಾದರೂ ಮಡಿಲಲ್ಲಿ ಮಲಗಿಸಿಕೊಂಡಿದ್ದು ನೆನಪಿದೆಯಾ ನಿಂಗೆ?"

"ಇಲ್ಲ ಅಕ್ಕ." ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಕೈಕೊಟ್ಟವು. "ಆ ಕನ್ನಡಕ ಒಡೆದಿದ್ದು ನಾನು."

"ಗೊತ್ತು."

"ಗೊತ್ತಾ?"

"ಸಂಜೆ ಊಟಕ್ಕೆ ಬಂದು ಪಕ್ಕದಲ್ಲಿ ಕೂತಾಗ ಮೈಯೆಲ್ಲ ಪುದೀನ ವಾಸನೆ. ಹಲ್ಲೂ ಹಸಿರು. ಇನ್ನೇನು, ಬರೆದುಕೊಡಬೇಕಿತ್ತಾ?"

"ಮತ್ತೆ ಅಜ್ಜಿಗೆ ಯಾಕೆ ಹೇಳಲಿಲ್ಲ?"

"ಅಷ್ಟು ಹೊತ್ತಿಗೆ ನನಗೆ ಬೀಳೋದು ಬಿದ್ದಾಗಿತ್ತು. ಹೇಳಿದ್ರೆ ವಾಪಸ್ ತಗೊಳ್ತಿದ್ರಾ?" ಅಕ್ಕ ದಾರ ಕತ್ತರಿಸಿದಳು. "ಏಟಿಗಲ್ಲ ಕಣೋ ನನಗೆ ಬೇಜಾರು. ಹೊಸ ಕನ್ನಡಕ ಬರೋವರೆಗೂ ದಿನಾ ಅಜ್ಜಿಗೆ ಪೇಪರ್ ಓದಿ ಹೇಳಬೇಕಾಯ್ತು. ಯಾರು ಸತ್ತರು, ಯಾರಿಗೆ ವರ ಬೇಕು, ಒಂದೂ ಬಿಡೋ ಹಾಗಿಲ್ಲ. ಇಡೀ ರಜೆ ಹೋಯ್ತು. ನೀನು ಕಿಟಕಿ ಹೊರಗೆ ಕುಣೀತಿದ್ದೆ."

ಅವನ ಕಣ್ಣು ತುಂಬಿ ಬಂತು. ಈಗ ಅಕ್ಕ ಎದ್ದು ಬಂದು ತಲೆ ಸವರುತ್ತಾಳೆ ಎಂದು, ಜಾಹೀರಾತು ಬರೆದೂ ಬರೆದೂ ಕೆಟ್ಟಿದ್ದ ಅವನ ಮನಸ್ಸು ಕಾಯಿತು.

"ಅಳೋದಾದ್ರೆ ಆಚೆ ಹೋಗು. ಗಿರಾಕಿ ಬಟ್ಟೆ ಮೇಲೆ ಬೀಳುತ್ತೆ."

ಅವನು ಹೋಗಲಿಲ್ಲ. ಮೂಗು ಒರೆಸಿಕೊಂಡು ಅಲ್ಲೇ ನಿಂತ. ಅಕ್ಕ ಒಂದು ಗಳಿಗೆ ನೋಡಿ, ಕಾಲಿನಿಂದ ಸ್ಟೂಲು ತಳ್ಳಿ, ಅವನು ಕೂತ ಕೂಡಲೇ ಅವನ ಮಡಿಲಿಗೆ ಆರು ಶರ್ಟು, ಸೂಜಿದಾರ, ಒಂದು ಡಬ್ಬಿ ಗುಂಡಿ ಹಾಕಿದಳು.

ಮಧ್ಯಾಹ್ನವಿಡೀ ಅವನು ಬೆರಳು ಚುಚ್ಚಿಕೊಳ್ಳುತ್ತ ಗುಂಡಿ ಹೊಲಿದ. ಸಂಜೆ ಅಕ್ಕ ಒಂದೊಂದನ್ನೂ ಎಳೆದು ನೋಡಿದಳು. ಎರಡು ಗುಂಡಿ ಕೈಗೇ ಬಂದವು. ಅವಳು ನಕ್ಕು, ಸೂಜಿಗೆ ಮತ್ತೆ ದಾರ ಪೋಣಿಸಿ ಅವನ ಕೈಗೆ ಕೊಟ್ಟಳು.