ಮೂಲೆಯ ಬಿಳಿ ಗೆರೆ

"ಬನ್ನಿ ಡಾಕ್ಟ್ರೇ, ನಿಮ್ಮ ಗೋಡೆಗೆ ಮಂಗನಬಾವು ಬಂದಿದೆ," ಎಂದು ಬಡಗಿಯನ್ನು ಕಂಡು ಅವನ ಅಕ್ಕನ ಗಂಡ ಬಾಗಿಲಲ್ಲೇ ನಗಾಡಿದರು.

ಬಡಗಿಗೆ ನಗು ಬರಲಿಲ್ಲ. ಐದು ತಿಂಗಳ ಹಿಂದೆ ಈ ಮನೆಯ ಬಚ್ಚಲಿಗೆ ಟೈಲ್ಸ್ ಬೇಡ, ಲ್ಯಾಮಿನೇಟ್ ಹಲಗೆ ಹಾಕೋಣ ಎಂದವನು ಅವನೇ. ಹಲಗೆ ದೊಡ್ಡದು, ಸಂದು ಕಡಿಮೆ, ಪಾಚಿ ಕೂರಲು ಜಾಗವೇ ಇಲ್ಲ ಎಂದೆಲ್ಲ ಹೇಳಿದ್ದ. ಅಕ್ಕನ ಅತ್ತೆ ಒಪ್ಪಿರಲಿಲ್ಲ. ತಮ್ಮನ ಮಾತಿಗೆ ಅಕ್ಕನೇ ಜಾಮೀನು ನಿಂತಿದ್ದಳು. ಈಗ ಹಲಗೆ ಉಬ್ಬಿದೆ, ಎಲ್ಲ ಕಿತ್ತು ಟೈಲ್ಸ್ ಹಾಕಿಸಿ ಎಂದು ಅತ್ತೆ ಪಟ್ಟು ಹಿಡಿದಿದ್ದರು. ಗೋಡೆಯ ಜೊತೆಗೆ ಈ ಮನೆಯಲ್ಲಿ ಅಕ್ಕನ ಮಾತಿಗಿದ್ದ ಬೆಲೆಯೂ ಹೋಗುತ್ತದೆ ಎಂಬುದೇ ಅವನ ಚಿಂತೆ.

ಕುಕ್ಕರಗಾಲಲ್ಲಿ ಕೂತು ನೋಡಿದ. ಒಂದು ಹಲಗೆ ಬುಡದಲ್ಲಿ ಗೇಣುದ್ದ ಉಬ್ಬಿತ್ತು. ಉಳಿದದ್ದೆಲ್ಲ ಕನ್ನಡಿಯ ಹಾಗೆ, ಒಂದು ಗೀರೂ ಇಲ್ಲ. ಆದರೆ ಎರಡು ಹಲಗೆ ಕೂಡುವ ಮೂಲೆಯಲ್ಲಿ ಅವನು ಎಳೆದಿದ್ದ ಸಿಲಿಕೋನಿನ ಬಿಳಿ ಗೆರೆ, ಸೊಂಟದೆತ್ತರದವರೆಗೆ ಮಾಯ!

"ಅಕ್ಕಾ, ಇದನ್ನ ಯಾರು ತೊಳೀತಾರೆ?"

"ಅತ್ತೆನೇ. ಬೇರೆಯವರು ತೊಳೆದ್ರೆ ಅವರಿಗೆ ತೊಳೆದ ಹಾಗೇ ಅನ್ಸಲ್ಲ."

ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದೇ ಬಿಟ್ಟರು. "ಏನು, ತಪ್ಪು ನಂದಾ? ನೀನು ಹೇಳಿದ ಹಾಗೇ ಮೆತ್ತನೆ ಬಟ್ಟೆ, ಸೋಪಿನ ನೀರು. ಸ್ಟೀಲ್ ಬ್ರಷ್ ಮುಟ್ಟಿಲ್ಲ, ಆಸಿಡ್ ಮುಟ್ಟಿಲ್ಲ. ನೀನು ಮೂಲೇಲಿ ಮೆತ್ತಿ ಹೋಗಿದ್ದ ಗೋಂದನ್ನೂ ನಾನೇ ಕೆರೆದು ತೆಗೆದೆ. ಮಣೆ ಹಾಕ್ಕೊಂಡು ಕೂತು, ದಿನಕ್ಕಿಷ್ಟು. ನಡು ಬಿದ್ದುಹೋಯ್ತು!"

ಭಾವ ನಗಲು ಬಾಯಿ ತೆರೆದರು. ಅಕ್ಕ ದುರುಗುಟ್ಟಿ ನೋಡಿದ್ದಕ್ಕೆ ಕೆಮ್ಮಿದರು.

ಬಡಗಿ ಎದ್ದು ನಿಂತ. "ಅದು ಗೋಂದಲ್ಲಮ್ಮಾ. ಹಲಗೆ ಹಿಂದೆ ನೀರು ನುಗ್ಗದ ಹಾಗೆ ತಡೆಯೋದೇ ಅದು. ಬಟ್ಟೆ, ಸೋಪು ಎಲ್ಲ ಹೇಳಿದೆ, ಇದೊಂದು ಹೇಳ್ಲಿಲ್ಲ. ತಪ್ಪು ನಂದೇ."

"ಆಗ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಈ ಒಂದು ಹಲಗೆ ಬದಲಾಯಿಸಿದ್ರೆ ಸಾಕು. ಟೈಲ್ಸೇ ಬೇಕು ಅಂದ್ರೆ ಅದೂ ಸರಿ."

ಅತ್ತೆ ಗೋಡೆಯ ಮೇಲೆ ನಿಧಾನವಾಗಿ ಅಂಗೈ ಆಡಿಸಿದರು.

"ಒಂದು ಹಲಗೆಗೋಸ್ಕರ ಇಡೀ ಬಚ್ಚಲು ಯಾಕೆ ಕೀಳೋದು? ನಿಮ್ಮಕ್ಕ ಆರಿಸಿದ ಬಣ್ಣ ಚೆನ್ನಾಗೇ ಇದೆ. ಹಾಕು. ಗೆರೆ ಮಾತ್ರ ನೇರ ಇರ್ಲಿ, ಅಂಟಂಟಾಗಿ ಕಂಡ್ರೆ ಕೈ ಸುಮ್ನಿರಲ್ಲ ನಂದು."

"ಗೆರೆ ಎಳೆದ ಮೇಲೆ ಒಂದು ದಿನ ನೀರು ತಾಗಬಾರದಮ್ಮಾ."

"ಅದನ್ನ ನಂಗೆ ಬಿಡು."

ಉಬ್ಬಿದ ಹಲಗೆ ಕಿತ್ತು, ಹಿಂದಿನ ಗೋಡೆಯ ತೇವ ಪೂರ್ತಿ ಆರಿಸಿ, ನಾಲ್ಕನೆಯ ದಿನ ಹೊಸ ಹಲಗೆ ಕೂರಿಸಿದ. ಗೆರೆ ಎಳೆದು ಕೈ ಒರೆಸಿಕೊಳ್ಳುವಷ್ಟರಲ್ಲಿ ಅತ್ತೆ ಬಚ್ಚಲ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಾಗಿತ್ತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ ಭಾವ ತಾಯಿಯ ಮುಖ ನೋಡಿದರು, ಸ್ನಾನಕ್ಕೆ ಪಕ್ಕದ ಮನೆಯ ಕಡೆ ಹೊರಟರು.