ಅಸಲಿನೊಡನೆ ತಾಳೆ ನೋಡಲಾಗಿದೆ

ಎಲ್ಲರೂ ತೊಟ್ಟಿಲಲ್ಲಿ ಬೆಳೆದರೆ ನಾವು ತೊಟ್ಟಿಯಲ್ಲಿ ಬೆಳೆದವರು. ವ್ಯತ್ಯಾಸ ಒಂದೇ ಅಕ್ಷರದ್ದು. ಆದರೆ ಆ ‘ಲು’ ಇಲ್ಲದ ಕಾರಣ ನಮ್ಮನ್ನು ತೂಗುವವರೂ ಇರಲಿಲ್ಲ. ಒಬ್ಬನೇ ಮನುಷ್ಯನ ಒಂದು ಚೂರು ಮಾಂಸದಿಂದ ಮುನ್ನೂರ ಹನ್ನೆರಡು ಸಿಪಾಯಿಗಳನ್ನು ಬೆಳೆಸಿ, ಉಂಗುರವಿರುವ ಗ್ರಹದ ಯುದ್ಧಕ್ಕೆ ಕಳಿಸಿದ್ದರು. ಒಂದೇ ಮುಖ, ಒಂದೇ ದನಿ. ಇಂಥ ಪಟಾಲಮ್ಮಿನಲ್ಲಿ ನಾನು ಮಿಮಿಕ್ರಿಗೆ ಹೆಸರುವಾಸಿ. ಪಕ್ಕದವನ ದನಿಯನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದೆನೆಂದರೆ, ನಾನು ಶುರು ಮಾಡಿದ್ದು ಯಾವಾಗ, ನಿಲ್ಲಿಸಿದ್ದು ಯಾವಾಗ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ಬ್ಯಾರಕ್ಕಿನ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದರು: ‘ನಕಲು ಸಿಪಾಯಿಗಳು ಈ ತಿಂಗಳ ಕೊನೆಯ ಶುಕ್ರವಾರ ಸಂಜೆ ಐದರೊಳಗೆ ನಾಗರಿಕರಾಗಿ ನೋಂದಾಯಿಸಿಕೊಳ್ಳತಕ್ಕದ್ದು. ಉಳಿದವರನ್ನು ವಿಲೇವಾರಿ ಮಾಡಲಾಗುವುದು.’

ಕಡತ ವಿಲೇವಾರಿಯಾಯಿತು ಎಂದರೆ ಕೆಲಸ ಆಯಿತು ಎಂದಲ್ಲವೇ? ಹಾಗಾದರೆ ಸುಮ್ಮನಿದ್ದರೂ ನಡೆಯುತ್ತದೆ ಎಂದು ಮುನ್ನೂರ ಹನ್ನೊಂದು ಜನಕ್ಕೂ ನಾನೇ ಅರ್ಥ ಬಿಡಿಸಿ ಹೇಳಿದೆ. ಪಂಡಿತನ ಮಾತೆಂದು ಎಲ್ಲರೂ ಮೂರು ವಾರ ಕಾಲು ಚಾಚಿ ಮಲಗಿದರು. ಶುಕ್ರವಾರ ಬೆಳಿಗ್ಗೆ ಅಡಿಗೆಯವನು ನನ್ನ ಪಾಂಡಿತ್ಯಕ್ಕೆ ನೀರು ಸುರಿದ: “ಕಸಕ್ಕೂ ವಿಲೇವಾರಿ ಅಂತಾನೇ ಅನ್ನೋದು ಕಣೋ. ನಿಮ್ಮನ್ನ ಕರಗಿಸಿ ವಾಪಸ್ ತೊಟ್ಟಿಗೇ ಸುರೀತಾರೆ.”

ಎದ್ದೆನೋ ಬಿದ್ದೆನೋ ಎಂದು ಎಲ್ಲರನ್ನೂ ಹೊರಡಿಸಿ, ನೋಂದಣಿ ಕಚೇರಿಯ ಹೊರಗೆ ಸಾಲು ನಿಲ್ಲಿಸಿ, ನಾನು ಒಳಗೆ ಹೋದೆ. ಮೇಜಿನ ಹಿಂದಿದ್ದ ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಕಲು ಸರಿ. ಅಸಲು ಎಲ್ಲಿ?”

“ನಾನೇ ಬಂದಿದ್ದೀನಲ್ಲ ಮೇಡಂ.”

“ಜೆರಾಕ್ಸ್ ತಂದವರ ಹತ್ರ ಒರಿಜಿನಲ್ ಕೇಳಲ್ವಾ? ಹಾಗೇ ಇದೂ. ಆ ಮನುಷ್ಯನ್ನ ಕರ್ಕೊಂಡು ಬನ್ನಿ, ತಾಳೆ ನೋಡ್ಬೇಕು.”

ಕಡತದಲ್ಲಿ ವಿಳಾಸವಿತ್ತು. ಗಿರಿಜಾ ಮೀಸೆಯ ಮಹಾವೀರನೊಬ್ಬನನ್ನು ಕಲ್ಪಿಸಿಕೊಂಡು ಹೋದರೆ, ಓಣಿಯ ಕೊನೆಯಲ್ಲಿ ಒಂದು ಕೊಡೆ ರಿಪೇರಿ ಅಂಗಡಿ. ತೊಡೆಯ ಮೇಲೆ ಮುರಿದ ಕಡ್ಡಿಗಳನ್ನು ಹರಡಿಕೊಂಡು, ಬಾಯಲ್ಲಿ ಒಂದೂ ಹಲ್ಲಿಲ್ಲದ ನಾನು ಕುಳಿತಿದ್ದೆ. ವಯಸ್ಸು ಮಾತ್ರ ಎಪ್ಪತ್ತು.

ಏನೆಂದು ಕರೆಯುವುದು? ಅಪ್ಪ ಎಂದರೆ ಅಮ್ಮ ಯಾರೆಂಬ ಪ್ರಶ್ನೆ ಏಳುತ್ತದೆ. ಅಣ್ಣ ಎನ್ನಲು ವಯಸ್ಸು ಅಡ್ಡ. ದೊಡ್ಡಪ್ಪ ಎಂದುಬಿಟ್ಟೆ.

“ದೊಡ್ಡಪ್ಪ, ನೀವು ಸೈನ್ಯಕ್ಕೆ ಮೈಯನ್ನೇ ಕೊಟ್ಟ ವೀರರು...”

“ವೀರನೂ ಇಲ್ಲ, ಗೀರನೂ ಇಲ್ಲ. ಹಲ್ಲು ಕೀಳಿಸೋಕೆ ಹೋಗಿದ್ದೆ ಕಣಯ್ಯ. ಎರಡು ಸಾಲಿತ್ತು, ಚಿಕ್ಕ ಸಾಲಲ್ಲಿ ನಿಂತೆ. ದವಡೆಯಿಂದ ಒಂದು ಚೂರು ಕಿತ್ಕೊಂಡು, ಹಲ್ಲು ಹಾಗೇ ಬಿಟ್ಟು ಕಳಿಸಿದ್ರು.”

ಹಲ್ಲು ಕಚ್ಚಿ ಕಾದಾಡಿದ್ದಕ್ಕೆ ನಮಗೆ ಪದಕ ಕೊಟ್ಟಿದ್ದರು. ಮೂಲಪುರುಷರಿಗೆ ಕಚ್ಚಲು ಹಲ್ಲೇ ಇರಲಿಲ್ಲ. ನಮ್ಮನ್ನು ತೊಟ್ಟಿಗೆ ಸುರಿಯುವ ವಿಷಯ ಹೇಳುವಾಗ ನನ್ನ ಕಣ್ಣಲ್ಲಿ ನೀರು ಬಂತು.

“ನನ್ನ ಮುಖ ಇಟ್ಕೊಂಡು ಅಳಬೇಡ, ನೋಡೋಕಾಗಲ್ಲ,” ಎಂದು ದೊಡ್ಡಪ್ಪ ಅಂಗಡಿಗೆ ಬೀಗ ಹಾಕಿದರು.

ಕಚೇರಿ ತಲುಪಿದಾಗ ಮೂರು ಗಂಟೆ. ಮೇಡಂ ನಮ್ಮಿಬ್ಬರನ್ನು ಅಕ್ಕಪಕ್ಕ ಕೂರಿಸಿ ನೋಡಿದರು. ನನಗೆ ಕೂದಲು, ಅವರಿಗೆ ಬೋಳು. ನನ್ನದು ನೆಟ್ಟಗಿನ ಬೆನ್ನು, ಅವರದು ಗೂನು.

“ತಾಳೆ ಆಗ್ತಿಲ್ಲ.”

ನನ್ನ ವಿದ್ಯೆ ಇರುವುದೇ ಇದಕ್ಕಲ್ಲವೇ? ಬೆನ್ನು ಬಗ್ಗಿಸಿದೆ, ತುಟಿ ಒಳಗೆಳೆದುಕೊಂಡೆ, ಬೊಚ್ಚು ಬಾಯಲ್ಲಿ “ವೀರನೂ ಇಲ್ಲ, ಗೀರನೂ ಇಲ್ಲ” ಎಂದೆ. ಮೇಡಂ ನಕ್ಕರು. ದೊಡ್ಡಪ್ಪನವರಿಗೆ ಸ್ವಲ್ಪ ಬೇಜಾರಾಯಿತು.

“ಚೆನ್ನಾಗಿದೆ. ಆದ್ರೆ ಮಿಮಿಕ್ರಿ ಮಾಡ್ತಿದ್ದೀರಿ ಅಂದ್ರೇನೇ ನೀವು ಅವರಲ್ಲ ಅಂತ ಆಯ್ತಲ್ಲ,” ಎಂದು ಮೇಡಂ ‘ತಿರಸ್ಕೃತ’ ಎಂಬ ಕಬ್ಬಿಣದ ಮೊಹರನ್ನೆತ್ತಿ ಶಾಯಿ ಪ್ಯಾಡಿನ ಮೇಲೆ ಧಡ್ ಎಂದು ಗುದ್ದಿದರು.

ಮರುಕ್ಷಣ ನಾನು ಮೇಜಿನ ಕೆಳಗಿದ್ದೆ. ನನಗಿಂತ ಮೊದಲೇ ದೊಡ್ಡಪ್ಪ ಅಲ್ಲಿದ್ದರು. ಇಬ್ಬರ ಕೈಗಳೂ ಕಿವಿಯ ಮೇಲೆ, ಇಬ್ಬರ ಎಡಗಣ್ಣೂ ಅರ್ಧ ತೆರೆದದ್ದು. “ಆ ಕಡೆ ಸರಿ,” ಎಂದೆವು, ಇಬ್ಬರೂ ಒಟ್ಟಿಗೆ.

ಮೇಡಂ ಬಗ್ಗಿ ಬಹಳ ಹೊತ್ತು ನೋಡಿದರು. “ಇದನ್ನ ಯಾರೂ ಕಲಿಸಿಕೊಟ್ಟಿರಲ್ಲ,” ಎಂದು ಮೊಹರನ್ನು ಬದಿಗಿಟ್ಟು, ‘ಹೋಲಿಕೆ’ ಎಂಬ ಅಂಕಣದಲ್ಲಿ ‘ಹೆದರಿಕೆ’ ಎಂದು ಬರೆದು ಸಹಿ ಹಾಕಿದರು. ಯುದ್ಧದುದ್ದಕ್ಕೂ ನಾನು ಅದನ್ನು ರಣತಂತ್ರ ಎನ್ನುತ್ತಿದ್ದೆ.

ಹೊರಗೆ ಇನ್ನೂ ಮುನ್ನೂರ ಹನ್ನೊಂದು ಜನ. “ಇನ್ನೊಂದು ಸಲ ಬಗ್ಗಿದ್ರೆ ನಾನು ಏಳಲ್ಲಪ್ಪ,” ಎಂದು ದೊಡ್ಡಪ್ಪ ಮಂಡಿ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದರು.  ಹೊರಗಿದ್ದವರನ್ನೆಲ್ಲ ಮೂರು ವಾರ ಮಲಗಿಸಿದವನು ನಾನು.

ಮೇಡಂ ನಿಯಮದ ಪುಸ್ತಕ ತಿರುವಿದರು. “ದೃಢೀಕರಿಸಿದ ನಕಲನ್ನು ಅಸಲಿನ ಬದಲಿಗೆ ಬಳಸಬಹುದು, ಅಂತಿದೆ. ಆ ಕುರ್ಚೀಲಿ ನೀವೇ ಕೂತ್ಕೊಳ್ಳಿ.”

ಮೊದಲು ಒಳಗೆ ಬಂದವನು ಹುಲಿ. ಮೂರು ಪದಕ ಗೆದ್ದದ್ದಕ್ಕೆ ನಾವಿಟ್ಟ ಹೆಸರು. ಇವನು ಬಗ್ಗುವ ಆಸಾಮಿಯಲ್ಲ, ಇವನಲ್ಲೇ ತಾಳ ತಪ್ಪುತ್ತದೆ ಎಂದು ಬೆವರಿದೆ. ಮೇಡಂ ಮೊಹರೆತ್ತಿದರು. ಸದ್ದು ಬರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೆಳಗೆ ಹೋದೆ.

ಹುಲಿ ಆಗಲೇ ಅಲ್ಲಿ ಮುದುಡಿ ಕೂತಿದ್ದ.

“ನೀನೂನಾ?”

“ಸುಮ್ನಿರೋ. ಹೊರಗೆ ಯಾರಿಗೂ ಹೇಳ್ಬೇಡ.”

ಮೇಲಿನಿಂದ ಮೇಡಂ ದನಿ ಕೇಳಿಸಿತು: “ತಾಳೆ ಆಯ್ತು. ಮುಂದಿನವರು ಬನ್ನಿ. ಅಸಲಿನವರೇ, ನೀವು ಅಲ್ಲೇ ಇರಿ. ಎದ್ದು ಕೂರೋ ಕಷ್ಟ ಯಾಕೆ?”