ದಂಡನಾಯಕರ ಅಂಗಿ

ಪಂಕ್ರಾತ್ ಬಂದು ದೊಪ್ಪನೆ ಮಂಡಿಯೂರಿದಾಗ ದಂಡನಾಯಕರ ಚಾಕರ ಯೆವ್ಸೇಯ್ ಅಡುಗೆ ಗಾಡಿಯ ಹಿಂದೆ ಕೂತು ಈರುಳ್ಳಿ ಹೆಚ್ಚುತ್ತಿದ್ದ. ಕಣ್ಣಿಂದ ನೀರು ಸುರಿಯುತ್ತಿತ್ತು. ಅದನ್ನು ಕಂಡು ಪಂಕ್ರಾತನ ಕಣ್ಣೂ ತುಂಬಿಕೊಂಡವು. ಇಪ್ಪತ್ತು ವರ್ಷ ಫಿರಂಗಿಗಳ ಪಕ್ಕದಲ್ಲೇ ನಿಂತು ಅರ್ಧ ಕಿವುಡಾದ ಹವಾಲ್ದಾರ ಅವನು. ಮೆಲ್ಲಗೆ ಮಾತಾಡುತ್ತೇನೆ ಅಂದುಕೊಂಡು ಕೂಗಿಯೇ ಮಾತಾಡುತ್ತಿದ್ದ.

“ಅಳಬೇಡ ಮಾರಾಯ. ನನ್ನನ್ನ ಕ್ಷಮಿಸಿಬಿಡು.”

“ಯಾತಕ್ಕೋ?”

“ಕೋಟೆ ಮುತ್ತಿಗೆ ಹಾಕಿದ್ದ ಚಳಿಗಾಲದಲ್ಲಿ ನಿನ್ನ ಬೂಟು ಕಳೆದಿತ್ತಲ್ಲ, ಅದನ್ನ ಕದ್ದಿದ್ದು ನಾನೇ.”

ಯೆವ್ಸೇಯ್ ಚಾಕು ಕೆಳಗಿಟ್ಟ. ಹನ್ನೆರಡು ವರ್ಷದಿಂದ ಅವನು ಒಬ್ಬ ಬಡಪಾಯಿ ಕೊಸಾಕ ಕುದುರೆ ಸವಾರನನ್ನು ಆ ಬೂಟಿನ ಕಳ್ಳನೆಂದು ನಂಬಿದ್ದ. ಆ ಕೊಸಾಕ ಸತ್ತಾಗ ಒಂದು ಹಿಡಿ ಮಣ್ಣು ಹಾಕುವುದಕ್ಕೂ ಹೋಗಿರಲಿಲ್ಲ.

“ಇಷ್ಟು ವರ್ಷ ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ದೋನು ಈಗ್ಯಾಕೆ ಹೇಳ್ತಿದ್ದೀಯ?”

“ಇನ್ಯಾವಾಗ ಹೇಳ್ಲಿ? ನಾಳೆ ಈ ಬಾಯಿ ಇರುತ್ತೋ ಇಲ್ವೋ. ಬೇಗ ಹೇಳಪ್ಪ, ಇನ್ನೂ ಆರು ಜನರ ಹತ್ರ ಹೋಗೋದಿದೆ.”

“ದೇವರು ಕ್ಷಮಿಸ್ತಾನೆ,” ಅಂದ ಯೆವ್ಸೇಯ್. ಕ್ಷಮೆ ಕೇಳಿ ಬಂದವನಿಗೆ ಬೇರೆ ಉತ್ತರವೇ ಇಲ್ಲ. ಹೊಟ್ಟೆಯೊಳಗೆ ಕೋಪವಿದ್ದರೂ ಬಾಯಿ ಅದನ್ನೇ ಹೇಳಬೇಕು. “ಆದ್ರೆ ನಾಳೆ ಯುದ್ಧ ಅಂತ ನಿಂಗೆ ಹೇಳಿದ್ಯಾರು?”

“ಅಂಗಿ ಒಗೆದೋನು ನೀನು. ನನ್ನನ್ನ ಕೇಳ್ತೀಯಲ್ಲ,” ಎಂದು ಪಂಕ್ರಾತ್ ಮೊಣಕಾಲಿನ ಧೂಳು ಕೊಡವಿಕೊಂಡು ಹೊರಟ.

ಯೆವ್ಸೇಯ್ ಡೇರೆಯನ್ನು ಬಳಸಿಕೊಂಡು ಮುಂದಕ್ಕೆ ಬಂದ. ಅವನೇ ಮಧ್ಯಾಹ್ನ ಒಗೆದು ಹಾಕಿದ ದಂಡನಾಯಕರ ಅಂಗಿ ಡೇರೆಯ ಮುಂದಿನ ಹಗ್ಗದ ಮೇಲೆ ಬಿಸಿಲಿಗೆ ಹಾರಾಡುತ್ತಿತ್ತು. ಕೆಳಗಡೆ ಹಳ್ಳದ ಉದ್ದಕ್ಕೂ ಸೈನಿಕರು ಬರೀ ಮೈಯಲ್ಲಿ ಬಗ್ಗಿ ನಿಂತು ಬಟ್ಟೆ ಒಗೆಯುತ್ತಿದ್ದರು. ಪೊದೆಗಳ ಮೇಲೆ, ಬಂದೂಕುಗಳ ಮೇಲೆ, ಗಾಡಿಗಳ ಮೂಕಿಯ ಮೇಲೆ ಬಿಳಿ ಅಂಗಿಗಳು ಒಣಗುತ್ತಿದ್ದವು. ಕೆಲವರು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ಪಾದ್ರಿಯ ಗಾಡಿಯ ಮುಂದೆ ಉದ್ದನೆಯ ಸಾಲು ನಿಂತಿತ್ತು. ತಾನು ಮಾಡಿದ ತಪ್ಪು ಯೆವ್ಸೇಯನಿಗೆ ಆಗ ಹೊಳೆಯಿತು.

ಯುದ್ಧದ ಹಿಂದಿನ ದಿನ ಮಡಿ ಅಂಗಿ ತೊಡುವುದು ರಷ್ಯದ ಸೈನಿಕರ ಪದ್ಧತಿ. ದೇವರ ಮುಂದೆ ಹೋಗಿ ನಿಲ್ಲುವವನು ಕೊಳಕು ಬಟ್ಟೆಯಲ್ಲಿ ನಿಲ್ಲಬಾರದು. ಯುದ್ಧ ಯಾವಾಗ ಎಂದು ಸಾಮಾನ್ಯ ಸೈನಿಕನಿಗೆ ಯಾರೂ ಹೇಳುವುದಿಲ್ಲ, ನಿಜ. ಆದರೆ ದಂಡನಾಯಕ ಅರ್ತೆಮಿ ಸಾವಿಚ್ ಲಾದಿನರ ದಂಡಿನಲ್ಲಿ ಹೇಳಬೇಕಾಗಿಯೂ ಇರಲಿಲ್ಲ. ಅವರ ಡೇರೆಯ ಮುಂದೆ ಅಂಗಿ ಒಣಗುತ್ತಿದೆ ಎಂದರೆ ಮರುದಿನ ಬೆಳಿಗ್ಗೆ ಫಿರಂಗಿ ಗುಡುಗುತ್ತದೆ ಎಂದೇ ಅರ್ಥ. ಮಿಕ್ಕ ದಿನಗಳಲ್ಲಿ ಯೆವ್ಸೇಯ್ ಬಟ್ಟೆಯನ್ನು ಅಡುಗೆ ಗಾಡಿಯ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಒಣಹಾಕುತ್ತಿದ್ದ.

ಇವತ್ತು ಆದದ್ದಿಷ್ಟೆ. ಜ್ವರದಲ್ಲಿ ಕೈ ನಡುಗಿ ಅರ್ತೆಮಿ ಸಾವಿಚ್ ಎಲೆಕೋಸಿನ ಸಾರನ್ನು ಎದೆಯ ಮೇಲೆ ಚೆಲ್ಲಿಕೊಂಡರು. ಇದ್ದ ಇನ್ನೊಂದು ಅಂಗಿಯನ್ನು ಹೋದ ವಾರವೇ ಗಾಯಾಳುಗಳ ಪಟ್ಟಿಗೆಂದು ಹರಿದು ಕೊಟ್ಟಿದ್ದರು. ಬರೀ ಮೈ ಮೇಲೆ ದಪ್ಪ ಕೋಟು ಹೊದ್ದು ಕೂತ ದಣಿಯನ್ನು ನೋಡಿ ಯೆವ್ಸೇಯನಿಗೆ ಸಂಕಟವಾಯಿತು. ಗಾಡಿಯ ಹಿಂದೆ ನೆರಳು, ಒಲೆಯ ಹೊಗೆ. ಡೇರೆಯ ಮುಂದೆ ಒಳ್ಳೆ ಬಿಸಿಲು. ಬೇಗ ಒಣಗಲಿ ಎಂದು ಅಲ್ಲೇ ಹರವಿದ. ಇಪ್ಪತ್ತಾರು ವರ್ಷದ ಚಾಕರಿಯಲ್ಲಿ ಇಂಥ ಮರೆವು ಇದೇ ಮೊದಲು.

ಹೋಗಲಿ, ನಾಳೆ ಯುದ್ಧ ಆದರೂ ಆಗಬಹುದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಎದುರು ದಿಬ್ಬದ ಮೇಲೆ ತುರ್ಕರ ದಂಡು ಬಂದು ಕೂತು ನಾಲ್ಕು ದಿನವಾಗಿತ್ತು. ಅರ್ತೆಮಿ ಸಾವಿಚ್ ಎದುರಾಳಿಯನ್ನು ಕಂಡ ಮೇಲೆ ಇಷ್ಟು ದಿನ ಸುಮ್ಮನೆ ಕೂತ ಮನುಷ್ಯರೇ ಅಲ್ಲ. ಹದಿನೈದನೇ ವಯಸ್ಸಿಗೆ ಬಂದೂಕು ಹೊತ್ತು ಸಾಮಾನ್ಯ ಸೈನಿಕನಾಗಿ ಸೇರಿದವರು. ಪ್ರಷ್ಯದವರ ಗುಂಡು ದವಡೆಯನ್ನು ಸೀಳಿಕೊಂಡು ಹೋದಾಗ ಬಾಯಿಗೆ ಕರವಸ್ತ್ರ ತುರುಕಿಕೊಂಡು ಸಂಜೆಯ ತನಕ ಕುದುರೆ ಮೇಲಿದ್ದವರು. ಹೆಪ್ಪುಗಟ್ಟಿದ ನದಿಯನ್ನು ದಾಟಿ, ಯಾರೂ ಕಾಯದ ಗೋಡೆಯ ಕಡೆಯಿಂದ ಕೋಟೆ ಹತ್ತಿಸಿದವರು. ಒಮ್ಮೆ ಚಕ್ರವರ್ತಿನಿಯ ಮುಖಕ್ಕೇ ಖಾರವಾದ ಮಾತು ಆಡಿದ್ದಕ್ಕೆ ರಾಜಧಾನಿಯವರು ಅವರನ್ನು ಹಳ್ಳಿಗೆ ಅಟ್ಟಿದರು. ನಾಲ್ಕು ವರ್ಷ ಅಲ್ಲಿ ಜೇನು ಸಾಕಿಕೊಂಡಿದ್ದರು. ತುರ್ಕರು ಮತ್ತೆ ಎದ್ದಾಗ ಅದೇ ರಾಜಧಾನಿಯವರು ಕಾಗದ ಬರೆದು ಕರೆಸಿಕೊಂಡರು. ಹನ್ನೊಂದು ದೊಡ್ಡ ಯುದ್ಧಗಳಲ್ಲಿ ಒಂದರಲ್ಲೂ ಬೆನ್ನು ತೋರಿಸಿರಲಿಲ್ಲ. ಅವರ ಹೆಸರು ಹೇಳಿದರೆ ತುರ್ಕರ ಮನೆಗಳಲ್ಲಿ ಮಕ್ಕಳು ಹೆದರಿ ಹಟ ಬಿಟ್ಟು ಊಟ ಮಾಡುತ್ತವೆ ಎಂದು ಸೈನಿಕರು ಕೊಚ್ಚಿಕೊಳ್ಳುತ್ತಿದ್ದರು.

ಒಳಗಿನಿಂದ ಕೂಗು ಬಂತು. “ಯೆವ್ಸೇಯ್, ಅಂಗಿ ಎಲ್ಲಯ್ಯ?”

ಡೇರೆಯೊಳಗೆ ಅರ್ತೆಮಿ ಸಾವಿಚ್ ನಕ್ಷೆಯ ಮುಂದೆ ಕೂತಿದ್ದರು. ಪಕ್ಕದಲ್ಲಿ ಅವರ ಸಹಾಯಕ ಕ್ಯಾಪ್ಟನ್ ವೆರಿಗಿನ್ ನಿಂತಿದ್ದ. ಜಾಣ. ಆದರೆ ತನ್ನ ಜಾಣತನ ಮೂರು ಜನರಿಗಾದರೂ ಗೊತ್ತಾಗದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಯೆವ್ಸೇಯ್ ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ.

ವೆರಿಗಿನ್ ಪರದೆ ಸರಿಸಿ ಹಳ್ಳದ ಕಡೆ ನೋಡಿ ಬೆಳ್ಳಗಾದ. “ಇವನ ಬೆನ್ನ ಚರ್ಮ ಸುಲೀಬೇಕು ಸ್ವಾಮಿ. ಸೂರ್ಯ ಮುಳುಗುತ್ಲೂ ಹಿಂದಕ್ಕೆ ಹೊರಡೋ ದಂಡಿಗೆ ಸಾಯೋ ಅಂಗಿ ತೊಡಿಸಿದಾನೆ.”

ಯೆವ್ಸೇಯನಿಗೆ ಚರ್ಮದ ಮಾತು ಕಿವಿಗೇ ಬೀಳಲಿಲ್ಲ. “ಹಿಂದಕ್ಕಾ?” ಎಂದ.

“ಹೌದಯ್ಯ, ಹಿಂದಕ್ಕೆ,” ಅಂದರು ಅರ್ತೆಮಿ ಸಾವಿಚ್. ಹಳೆಯ ಗಾಯದಿಂದ ಅವರ ಮಾತು ಸ್ವಲ್ಪ ಒಂದು ಕಡೆಗೆ ಎಳೆಯುತ್ತಿತ್ತು. “ನದಿ ದಾಟಿ ಆಚೆ ದಂಡಿನ ಜೊತೆ ಸೇರ್ಕೋಬೇಕು. ನಮ್ಮಲ್ಲಿ ಮೂರರಲ್ಲಿ ಒಬ್ಬನಿಗೆ ಜ್ವರ. ಅವರು ನಮ್ಮ ನಾಲ್ಕರಷ್ಟಿದಾರೆ. ನಾಳೆ ನಿಂತ್ರೆ ಗೆದ್ರೂ ಗೆಲ್ತೀವಿ. ಗೆದ್ದ ಮೇಲೆ ಹೂಳೋಕೂ ಜನ ಸಾಲಲ್ಲ.”

“ರಾಜಧಾನಿಯೋರು ಒಪ್ತಾರಾ ದಣಿ?”

“ಒಪ್ಪಲ್ಲ. ಯುದ್ಧ ಮಾಡು ಅಂತ್ಲೇ ಬರೆದಿದಾರೆ. ಇದು ಗೊತ್ತಾದ್ರೆ ನನ್ನ ಜಾಗಕ್ಕೆ ಇನ್ನೊಬ್ಬನ್ನ ಕಳಿಸ್ತಾರೆ. ಜೇನುಗೂಡು ನೋಡ್ಕೊಳ್ಳೋಕೆ ನಂಗೂ ಒಬ್ರು ಬೇಕಲ್ಲ, ನೀನು ಬರ್ತೀಯಂತೆ.”

ನಲವತ್ತೊಂದು ವರ್ಷದ ಹೆಸರನ್ನು ಹೀಗೆ ಕೈ ಒರೆಸಿದಷ್ಟು ಸಲೀಸಾಗಿ ಬಿಟ್ಟುಕೊಡುವುದನ್ನು ನೋಡಿ ಯೆವ್ಸೇಯನಿಗೆ ದಿಗಿಲಾಯಿತು. ಅದಕ್ಕಿಂತ ದೊಡ್ಡ ಭಯ ಬೇರೆಯಿತ್ತು. ಹೊರಗಿದ್ದ ಸೈನಿಕರು ಆಗಲೇ ಸಾವಿಗೆ ಒಪ್ಪಿಕೊಂಡುಬಿಟ್ಟಿದ್ದರು. ಕದ್ದದ್ದನ್ನು ಹೇಳಿಕೊಂಡು, ಪಾದ್ರಿಯಿಂದ ಆಶೀರ್ವಾದ ತೆಗೆದುಕೊಂಡು ಹಗುರಾಗಿದ್ದರು. ಮಡಿ ಅಂಗಿ ತೊಟ್ಟವನಿಗೆ ಹಿಂದಕ್ಕೆ ನಡೆ ಎನ್ನುವುದು ಕೆನ್ನೆಗೆ ಹೊಡೆದಂತೆ. ಅವರು ಹೊರಡದಿದ್ದರೆ? ಇಲ್ಲೇ ಸಾಯುತ್ತೇವೆ ಎಂದು ಕೂತುಬಿಟ್ಟರೆ? ಆಗ ಅಷ್ಟೂ ಜನರ ಜೀವ ತನ್ನ ಒಂದು ಹಗ್ಗಕ್ಕೆ ನೇತುಬಿದ್ದ ಹಾಗೆ.

ವೆರಿಗಿನ್ ಆಗಲೇ ಚೇತರಿಸಿಕೊಂಡಿದ್ದ. “ಒಂದು ರೀತೀಲಿ ಒಳ್ಳೇದೇ ಆಯ್ತು. ದಿಬ್ಬದ ಮೇಲಿಂದ ತುರ್ಕರೂ ಅಂಗಿ ನೋಡ್ತಿದಾರೆ. ನಾಳೆ ಬೆಳಿಗ್ಗೆವರೆಗೂ ಅವರು ಅಲ್ಲಾಡಲ್ಲ. ನಮ್ಮೋರೂ ಹಾಗೇ ನಂಬ್ಕೊಂಡಿರ್ಲಿ. ಕತ್ತಲಾದ ಮೇಲೆ ಸಾಲು ನಿಲ್ಸಿ, ದಾಳಿಗೆ ಹೋಗ್ತಿದೀವಿ ಅಂತ ಹೇಳಿ ನದಿ ಕಡೆ ತಿರುಗಿಸೋಣ.”

“ತುರ್ಕರಿಗೆ ಮೋಸ ಮಾಡೋದು ನನ್ನ ಕಸುಬು,” ಅಂದರು ಅರ್ತೆಮಿ ಸಾವಿಚ್. “ಇವರಿಗೆ ಒಂದು ಸಲ ಮಾಡಿದ್ರೂ ಮುಂದಿನ ಸಲ ನಡೀರಿ ಅಂದ್ರೆ ಯಾವನು ನಡೀತಾನೆ? ಫಿರಂಗಿ ಚಕ್ರ ಸದ್ದು ಮಾಡದ ಹಾಗೆ ಸುತ್ತೋಕೆ ಏನ್ ಸಿಕ್ತು?”

“ಹುಲ್ಲಿಲ್ಲ, ಎಲ್ಲಾ ಕುದುರೆ ತಿಂದಿವೆ. ಗೋಣಿ ಹತ್ತು ಚಕ್ರಕ್ಕೂ ಸಾಲಲ್ಲ. ಕಲ್ಲು ದಾರೀಲಿ ಆ ಸದ್ದು ಹರದಾರಿ ದೂರ ಕೇಳ್ಸುತ್ತೆ.”

ಅರ್ತೆಮಿ ಸಾವಿಚ್ ನಕ್ಷೆಯನ್ನು ಮಡಚಿಟ್ಟರು. ಆಮೇಲೆ ಎದ್ದರು. ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ಬಂದು ಹಗ್ಗದ ಮೇಲಿನ ಅಂಗಿಯನ್ನು ಕೈಗೆ ತೆಗೆದುಕೊಂಡರು. ಇನ್ನೂ ಅಂಚಿನಲ್ಲಿ ಹಸಿಯಿತ್ತು.

ಬಿಸಿಲು ಓರೆಯಾಗಿತ್ತು. ಅವರು ಫಿರಂಗಿಗಳ ಸಾಲಿನ ಕಡೆ ನಡೆದದ್ದನ್ನು ನೋಡಿ ಸೈನಿಕರು ಹಳ್ಳದಿಂದ ಏರಿ ಬಂದರು. ನೂರಾರು ಜನ, ಆಮೇಲೆ ಸಾವಿರಾರು ಜನ. ಹೆಚ್ಚಿನವರು ಆಗಲೇ ಬಿಳಿ ಅಂಗಿ ತೊಟ್ಟು, ತಲೆ ಬಾಚಿಕೊಂಡಿದ್ದರು. ಪಂಕ್ರಾತ್ ತನ್ನ ಫಿರಂಗಿಯ ಪಕ್ಕ ಮದುವೆ ಗಂಡಿನ ಹಾಗೆ ನಿಂತಿದ್ದ. ಯಾರೂ ಜಯಕಾರ ಕೂಗಲಿಲ್ಲ. ಇಂಥ ದಿನ ಅವರು ಕೂಗುವುದೂ ಇಲ್ಲ.

“ಮಕ್ಕಳಾ, ನಾಳೆ ಯುದ್ಧ ಇಲ್ಲ,” ಅಂದರು ಅರ್ತೆಮಿ ಸಾವಿಚ್. ದೊಡ್ಡ ದನಿಯಲ್ಲಿ ಹೇಳಲಿಲ್ಲ. ಮುಂದಿನವರು ಹಿಂದಿನವರಿಗೆ ಹೇಳಿದರು. ಮಾತು ಕೊನೆಯ ಸಾಲು ಮುಟ್ಟುವಷ್ಟು ಹೊತ್ತು ಅವರು ಕಾದರು. “ಈ ಅಂಗಿಗೆ ಸಾರು ಚೆಲ್ಲಿತ್ತು. ಅದಕ್ಕೆ ಒಗೆಸಿದ್ದು, ಬೇರೆ ಏನಕ್ಕೂ ಅಲ್ಲ. ಕತ್ತಲಾಗ್ತಿದ್ದ ಹಾಗೆ ನಾವು ನದಿ ದಾಟ್ತೀವಿ. ಹಿಂದಕ್ಕೆ.”

ಗುಂಪಿನಲ್ಲಿ ಯಾರೋ ನಕ್ಕರು, ತಮಾಷೆ ಎಂದುಕೊಂಡು. ಆ ನಗು ಅಲ್ಲೇ ಸತ್ತಿತು. ಯೆವ್ಸೇಯ್ ಮುಖಗಳನ್ನು ನೋಡಲಾರದೆ ನೆಲ ನೋಡಿದ.

“ಅಪ್ಪಾ,” ಎಂದು ಪಂಕ್ರಾತ್ ಎಂದಿನಂತೆ ಕಿರುಚಿದ. “ಹಿಂದಕ್ಕೆ ಹೋಗೋದು ಹೇಗೆ ಅಂತ ನೀವು ನಮಗೆ ಕಲಿಸ್ಲೇ ಇಲ್ವಲ್ಲ.”

“ನಂಗೂ ಬರಲ್ಲ ಪಂಕ್ರಾತ್. ನನಗೂ ಇದೇ ಮೊದಲು.”

ಅವರು ಅಂಗಿಯನ್ನು ಹಲ್ಲಿನಲ್ಲಿ ಕಚ್ಚಿ ಚರ್ರನೆ ಹರಿದರು. ಧೂಳಿನಲ್ಲಿ ಮಂಡಿಯೂರಿ ಕೂತು ಫಿರಂಗಿಯ ಚಕ್ರಕ್ಕೆ, ಕಬ್ಬಿಣದ ಪಟ್ಟಿಯ ಮೇಲೆ, ಒಂದು ತುಂಡನ್ನು ಸುತ್ತಿದರು. ಜ್ವರದ ಬೆರಳಿಗೆ ಗಂಟು ಬಿಗಿಯಲು ಆಗಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಗಂಟು ನಿಂತಿತು. ಇಡೀ ಅಂಗಿ ಸುತ್ತಿದರೂ ಚಕ್ರದ ಕಾಲು ಭಾಗವೂ ಮುಚ್ಚಲಿಲ್ಲ. ಆಮೇಲೆ ಅವರು ಅಲ್ಲಿಂದಲೇ ಸೈನಿಕರ ಕಡೆ ತಿರುಗಿ, ಹಣೆ ನೆಲಕ್ಕೆ ತಾಗುವಂತೆ ಬಗ್ಗಿದರು.

“ನನ್ನ ಕ್ಷಮಿಸಿ ಅಣ್ಣಂದಿರಾ.”

ಒಂದೇ ಒಂದು ಉತ್ತರವಿರುವ ಮಾತಿಗೆ ಅಷ್ಟೂ ಜನ ಉತ್ತರ ಕೊಡದೆ ನಿಂತಿದ್ದನ್ನು ಯೆವ್ಸೇಯ್ ಜೀವಮಾನದಲ್ಲಿ ನೋಡಿರಲಿಲ್ಲ. ತಾನೇ ಕೂಗಿಬಿಡಲೇ ಅನ್ನಿಸಿತು. ಆದರೆ ಅದು ಅವನು ಹೇಳುವ ಮಾತಲ್ಲ. ನಾಳೆ ಸಾಯಲು ಸಿದ್ಧನಾದವನು ಹೇಳಬೇಕಾದ ಮಾತು. ಅರ್ತೆಮಿ ಸಾವಿಚ್ ಬಗ್ಗಿದವರು ಬಗ್ಗಿಯೇ ಇದ್ದರು. ಅವರ ಭುಜ ಚಳಿಗೆ ಸಣ್ಣಗೆ ನಡುಗುತ್ತಿತ್ತು.

ಪಂಕ್ರಾತ್ ಕೆಮ್ಮಿದ. “ಮಧ್ಯಾಹ್ನದಿಂದ ಏಳು ಜನರ ಹತ್ರ ಕಳ್ಳತನ ಒಪ್ಕೊಂಡಿದೀನಿ. ಈಗ ಆ ಏಳೂ ಜನರ ಜೊತೆ ಇನ್ನೂ ಎಷ್ಟು ವರ್ಷ ಬಾಳ್ಬೇಕೋ,” ಎಂದು ಗೊಣಗಿದ. ಅವನ ಗೊಣಗಾಟ ಇಡೀ ಸಾಲಿಗೆ ಕೇಳಿಸಿತು. ಎರಡೂ ಕೈಯೆತ್ತಿ ತಲೆಯ ಮೇಲಿಂದ ಅಂಗಿ ಕಳಚಿದ. ಅದನ್ನು ಒಮ್ಮೆ ನೋಡಿದ, ಹರಿದ.

“ದೇವರು ಕ್ಷಮಿಸ್ತಾನೆ, ಅಪ್ಪಾ. ಮೇಲೇಳಿ. ಆ ಗಂಟು ಹಾಗಲ್ಲ ಹಾಕೋದು.”

ಆಮೇಲೆ ಎಲ್ಲಾ ಕಡೆಯಿಂದ ಬಟ್ಟೆ ಹರಿಯುವ ಸದ್ದು ಕೇಳಿಸಿತು. ಬೈಯುತ್ತ ಹರಿದವರಿದ್ದರು. ಅಳುತ್ತ ಹರಿದವರೂ ಇದ್ದರು. ಒಬ್ಬ ಮುದುಕ ಸೈನಿಕ ಹರಿಯಲು ಮನಸ್ಸು ಬಾರದೆ ತನ್ನ ಅಂಗಿಯನ್ನು ತೋಳಿನ ಸಮೇತ ಹಾಗೆಯೇ ಚಕ್ರಕ್ಕೆ ಕಟ್ಟಿದ. ಸೂರ್ಯ ದಿಬ್ಬದ ಹಿಂದೆ ಇಳಿಯುವ ಹೊತ್ತಿಗೆ ಒಂದು ಚಕ್ರವೂ ಬರಿದಾಗಿರಲಿಲ್ಲ.

ಯೆವ್ಸೇಯ್ ಡೇರೆ ಬಿಚ್ಚಿ ಗಾಡಿಗೆ ಹೇರಿದ. ದಣಿ ಕುದುರೆಯ ಪಕ್ಕ ನಿಂತು ಕೋಟಿನ ಕೊರಳನ್ನು ಕೈಯಲ್ಲಿ ಬಿಗಿ ಹಿಡಿದುಕೊಂಡಿದ್ದರು. ಹಲ್ಲು ಕಟಕಟ ಅನ್ನುತ್ತಿತ್ತು. ಯೆವ್ಸೇಯ್ ತನ್ನ ಅಂಗಿ ಬಿಚ್ಚಿ ಅವರ ಕೈಗಿಟ್ಟ. ಈರುಳ್ಳಿ, ಹೊಗೆ, ಒಂದು ತಿಂಗಳ ಬೆವರು.

ಅರ್ತೆಮಿ ಸಾವಿಚ್ ಕೋಟು ಕಳಚಿ ಅದನ್ನು ತೊಟ್ಟುಕೊಂಡರು. ತೋಳು ಗಿಡ್ಡವಾಗಿತ್ತು.

“ಇದೇನಯ್ಯ ಈ ನಾತ?”

“ಒಗೆದಿಲ್ಲ ದಣಿ.”

“ಒಗೀಬೇಡ,” ಅಂದರು ಅವರು. ರಿಕಾಪಿಗೆ ಕಾಲು ಕೊಟ್ಟು ಕುದುರೆ ಹತ್ತಿದರು. ಮುಂದಿನ ಫಿರಂಗಿ ಕಲ್ಲು ದಾರಿಗೆ ಇಳಿಯಿತು, ಅದರ ಹಿಂದೆ ಇನ್ನೊಂದು. ಬರೀ ಮೈಮೇಲೆ ಕೋಟು ಹಾಕಿಕೊಂಡ ಸೈನಿಕರು ಪಕ್ಕದಲ್ಲಿ ನಡೆದರು, ಹಳ್ಳದ ನೀರು ಹರಿಯುವ ಸದ್ದು ಮಾತ್ರ ಕೇಳಿಸುತ್ತಿತ್ತು.